ಮಿದುಳಿನ ಪ್ಲಾಸ್ಟಿಕ್: ಮೊದಲು ಅಳತೆ ಸರಿಯಾಗಲಿ

ಮಾನ್ಯ ಸಂಪಾದಕರಿಗೆ,

ಮನುಷ್ಯನ ಮಿದುಳಿನಲ್ಲಿ ಒಂದು ಚಮಚದಷ್ಟು ಪ್ಲಾಸ್ಟಿಕ್ ಸೇರಿಕೊಂಡಿದೆ ಎಂಬ ಸುದ್ದಿ ತಮ್ಮ ಪತ್ರಿಕೆಯೂ ಸೇರಿದಂತೆ ಹಲವೆಡೆ ಒಂದಕ್ಕಿಂತ ಹೆಚ್ಚು ಬಾರಿ ಅಚ್ಚಾಗಿದೆ. ಪದವಿ ಕಾಲೇಜಿನಲ್ಲಿ ಮೂರು ದಶಕ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಆ ಸುದ್ದಿಯಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚಾಗಿ ಕಂಡಿತು, ಆದರೂ ಸುಮ್ಮನಿದ್ದೆ. ಈಗ ಬರೆಯಲು ಕಾರಣ ನಮ್ಮ ಬೀದಿಯ ಹಿರಿಯರೊಬ್ಬರು. ಅವರ ಪತ್ನಿಗೆ ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ. ಮಕ್ಕಳ ಹೆಸರು ಒಮ್ಮೊಮ್ಮೆ ನೆನಪಾಗುತ್ತದೆ, ಒಮ್ಮೊಮ್ಮೆ ಇಲ್ಲ. ಕಳೆದ ತಿಂಗಳು ಆ ಹಿರಿಯರು ಪತ್ರಿಕೆಯ ತುಣುಕೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು, "ಮೇಷ್ಟ್ರೇ, ಪ್ರತಿ ದೀಪಾವಳಿಗೆ ಬೋನಸ್ ಬಂದಾಗ ಇವಳಿಗೆ ಒಂದೊಂದು ಸೆಟ್ ಪ್ಲಾಸ್ಟಿಕ್ ಡಬ್ಬಿ ತಂದುಕೊಡುತ್ತಿದ್ದೆ. ಹೀಗಾದದ್ದು ಅದರಿಂದಲೇ ಏನು?" ಎಂದು ಕೇಳಿದರು. ಅವರಿಗೆ ಕೊಡಬೇಕಾಗಿದ್ದ ಉತ್ತರ ಆ ಸುದ್ದಿಯಲ್ಲಿ ಇರಲಿಲ್ಲ. ಅದನ್ನು ನನ್ನ ಮಿತಿಯಲ್ಲಿ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇನೆ. ಪತ್ರ ಉದ್ದವಾದರೆ ಮನ್ನಿಸಬೇಕು.

ಸುದ್ದಿಯ ಮೂಲ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಯಾಂಪೆನ್ ಅವರ ತಂಡ ನಡೆಸಿ, 2025ರ ಫೆಬ್ರುವರಿಯಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. 2016ರಲ್ಲಿ ಮತ್ತು 2024ರಲ್ಲಿ ಮರಣೋತ್ತರ ಪರೀಕ್ಷೆಗೆ ಬಂದ ದೇಹಗಳಿಂದ ಯಕೃತ್ತು, ಮೂತ್ರಪಿಂಡ ಮತ್ತು ಮಿದುಳಿನ ಮುಂಭಾಗದ ಚೂರುಗಳನ್ನು ತೆಗೆದು ಅವುಗಳಲ್ಲಿರುವ ಪ್ಲಾಸ್ಟಿಕ್ ಎಷ್ಟೆಂದು ಅವರು ಅಳೆದರು. ಒಂದು ಗ್ರಾಂ ಮಿದುಳಿನಲ್ಲಿ 2016ರ ಮಾದರಿಗಳಲ್ಲಿ ಸುಮಾರು 3,345 ಮೈಕ್ರೊಗ್ರಾಂ, 2024ರ ಮಾದರಿಗಳಲ್ಲಿ ಸುಮಾರು 4,917 ಮೈಕ್ರೊಗ್ರಾಂ ಸಿಕ್ಕಿತು. ಯಕೃತ್ತು, ಮೂತ್ರಪಿಂಡಗಳಿಗಿಂತ ಮಿದುಳಿನಲ್ಲಿ ಹಲವು ಪಟ್ಟು ಹೆಚ್ಚು, ಅದರಲ್ಲಿಯೂ ಮುಕ್ಕಾಲು ಪಾಲು ನಮ್ಮ ಕೈಚೀಲಗಳಿಗೂ ಹಾಲಿನ ಕವರುಗಳಿಗೂ ಬಳಕೆಯಾಗುವ ಪಾಲಿಎಥಿಲೀನ್. ಮೃತರ ವಯಸ್ಸಿಗೂ ಈ ಪ್ರಮಾಣಕ್ಕೂ ಸಂಬಂಧ ಕಾಣಲಿಲ್ಲ. 2016ರ ಮಾದರಿಗಳಿಗಿಂತ 2024ರವುಗಳಲ್ಲಿ ಮಾತ್ರ ಹೆಚ್ಚಾಗಿತ್ತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದ್ದ 12 ಮಂದಿಯ ಮಿದುಳಿನಲ್ಲಂತೂ ಈ ಸಂಖ್ಯೆ ಗ್ರಾಂಗೆ 26,000 ಮೈಕ್ರೊಗ್ರಾಂ ದಾಟಿತ್ತು.

ಚಮಚದ ಲೆಕ್ಕ ಬಂದದ್ದು ಇಲ್ಲಿಂದ. ಗ್ರಾಂಗೆ 4,917 ಮೈಕ್ರೊಗ್ರಾಂ ಎಂದರೆ ಸುಮಾರು 5 ಮಿಲಿಗ್ರಾಂ; ವಯಸ್ಕರ ಮಿದುಳು 1,400 ಗ್ರಾಂ ತೂಗುತ್ತದೆ ಎಂದು ಗುಣಿಸಿದರೆ 7 ಗ್ರಾಂ, ಅಂದರೆ ಸಮಾರಂಭಗಳಲ್ಲಿ ಪಾಯಸದ ಜೊತೆ ಕೊಡುವ ಪ್ಲಾಸ್ಟಿಕ್ ಚಮಚ ಒಂದರ ಆಸುಪಾಸಿನ ತೂಕ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಅಳೆದದ್ದು ಮುಂಭಾಗದ ಚಿಕ್ಕ ಚೂರನ್ನು. ಇಡೀ ಮಿದುಳಿನಲ್ಲಿ ಅದೇ ಸಾಂದ್ರತೆ ಇರುತ್ತದೆ ಎಂಬುದು ಊಹೆ. ಈ ಊಹೆಯ ಮೇಲೆ ನಿಂತ ಚಮಚವನ್ನು ಶೀರ್ಷಿಕೆಯಲ್ಲಿ ನೆಟ್ಟು, ಮಿದುಳಿನ ಚಿತ್ರದೊಳಗೆ ಬಣ್ಣಬಣ್ಣದ ಮಣಿಗಳನ್ನು ತುಂಬಿ ತೋರಿಸಿದರೆ ಓದುಗರಿಗೆ ಬೇರೇನೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಇನ್ನೂ ಮುಖ್ಯವಾದ ತೊಡಕು ಅಳೆದ ವಿಧಾನದಲ್ಲಿದೆ. ಇದು ನನ್ನ ವಿಷಯವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಷ್ಟು ಸಣ್ಣ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಆದ್ದರಿಂದ ಅಂಗಾಂಶವನ್ನು ಕ್ಷಾರದಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಅತಿವೇಗವಾಗಿ ತಿರುಗಿಸಿ ತಳಕ್ಕಿಳಿಸಿ, ಆ ಗಸಿಯನ್ನು ಗಾಳಿಯಿಲ್ಲದ ಕಡೆ ವಿಪರೀತ ಶಾಖದಲ್ಲಿ ಒಡೆದು, ಹೊರಬರುವ ಆವಿಯಲ್ಲಿನ ಅಣುಗಳನ್ನು ಬೇರ್ಪಡಿಸಿ ತೂಗಿ ನೋಡುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ವಿಧಾನಗಳಿಂದ ಗುರುತಿಸುತ್ತಾರೆ. ಪ್ರತಿಯೊಂದು ಪ್ಲಾಸ್ಟಿಕ್ಕೂ ಒಡೆದಾಗ ತನ್ನದೇ ಆದ ಗುರುತಿನ ಅಣುಗಳನ್ನು ಬಿಡುತ್ತದೆ ಎಂಬುದು ಈ ವಿಧಾನದ ಆಧಾರ. ಪಾಲಿಎಥಿಲೀನ್ ಒಡೆದಾಗ ಸಿಗುವುದು ಇಂಗಾಲದ ಉದ್ದನೆಯ ನೇರ ಸರಪಳಿಗಳು. ಪೇಚೇನೆಂದರೆ, ಕೊಬ್ಬನ್ನು ಹೀಗೆಯೇ ಶಾಖದಲ್ಲಿ ಒಡೆದರೂ ಸಿಗುವುದು ಅಂಥವೇ ಸರಪಳಿಗಳು. ಮಿದುಳಾದರೋ ನಮ್ಮ ದೇಹದ ಅತಿ ಕೊಬ್ಬಿನ ಅಂಗಗಳಲ್ಲಿ ಒಂದು. ನೀರಿನಂಶ ತೆಗೆದರೆ ಉಳಿಯುವ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬೇ. ಕ್ಷಾರ ಹಾಕಿದಾಗ ಅದರಲ್ಲಿ ಬಹುಪಾಲು ಸಾಬೂನಾಗಿ ಕರಗಿ ಹೋಗಬೇಕು, ನಿಜ. ಆದರೆ ಮಜ್ಜಿಗೆ ಕಡೆದ ಮೇಲೂ ಜಿಡ್ಡು ಅಷ್ಟಿಷ್ಟು ಉಳಿಯುವ ಹಾಗೆ ಇಲ್ಲಿಯೂ ಉಳಿದರೆ, ಯಂತ್ರ ಅದನ್ನೂ ಪ್ಲಾಸ್ಟಿಕ್ ಎಂದೇ ಲೆಕ್ಕ ಹಾಕುತ್ತದೆ.

ಇದು ನಾನೊಬ್ಬನೇ ಎತ್ತುತ್ತಿರುವ ಆಕ್ಷೇಪವಲ್ಲ. ಅದೇ 2025ರ ಕೊನೆಯ ವೇಳೆಗೆ ಬೇರೆ ವಿಜ್ಞಾನಿಗಳು ಅದೇ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ, ಕೊಬ್ಬಿನಿಂದಾಗುವ ಗೊಂದಲವನ್ನು ಮತ್ತು ಪ್ರಯೋಗಾಲಯದ ಗಾಳಿ, ಪಾತ್ರೆ, ಕೈಗವಸುಗಳಿಂದಲೇ ಸೇರಿಕೊಳ್ಳಬಹುದಾದ ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ ನೋಡಲು ಸಾಕಷ್ಟು ಎಚ್ಚರ ವಹಿಸಿಲ್ಲವೆಂದು ಟೀಕಿಸಿ ಬರೆದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡವೂ ಅದೇ ವರ್ಷ, ರಕ್ತದಲ್ಲಿರುವ ಪಾಲಿಎಥಿಲೀನ್ ಮತ್ತು ಪಿವಿಸಿಯನ್ನು ಅಳೆಯಲು ಈ ವಿಧಾನ ಈಗಿರುವ ರೂಪದಲ್ಲಿ ತಕ್ಕದ್ದಲ್ಲ ಎಂದು ತೋರಿಸಿತು. ಮೊದಲ ಸುದ್ದಿಗೆ ಸಿಕ್ಕ ಜಾಗದ ಹತ್ತನೆಯ ಒಂದು ಪಾಲೂ ಈ ಎರಡನೆಯ ಸುದ್ದಿಗೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಒಂದು ಸರಳ ಲೆಕ್ಕವನ್ನು ಓದುಗರೇ ಹಾಕಿ ನೋಡಬಹುದು. 2022ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು 22 ಮಂದಿ ದಾನಿಗಳ ರಕ್ತವನ್ನು ಪರೀಕ್ಷಿಸಿ 17 ಮಂದಿಯಲ್ಲಿ ಪ್ಲಾಸ್ಟಿಕ್ ಇದೆಯೆಂದು ಹೇಳಿದರು. ಅವರು ಕೊಟ್ಟ ಸರಾಸರಿ ಒಂದು ಮಿಲಿಲೀಟರಿಗೆ 1.6 ಮೈಕ್ರೊಗ್ರಾಂ. ಐದು ಲೀಟರ್ ರಕ್ತಕ್ಕೆ ಗುಣಿಸಿದರೆ ಒಟ್ಟು 8 ಮಿಲಿಗ್ರಾಂ ಆಯಿತು. ಇಡೀ ದೇಹದ ರಕ್ತದಲ್ಲಿ 8 ಮಿಲಿಗ್ರಾಂ, ಆ ರಕ್ತದ ಮೂಲಕವೇ ತಲುಪಬೇಕಾದ ಮಿದುಳಿನಲ್ಲಿ ಮಾತ್ರ 7,000 ಮಿಲಿಗ್ರಾಂ! ಒಳಗೆ ಹೋದದ್ದು ಹೊರಗೆ ಬರಲಾರದೆ ವರ್ಷಗಟ್ಟಲೆ ಸೇರುತ್ತಾ ಹೋದರೆ ಹೀಗಾಗುವುದು ಅಸಾಧ್ಯವೇನಲ್ಲ. ಆದರೆ ಹಾಗೆ ಸೇರುತ್ತಾ ಹೋಗುವುದಾದರೆ ವಯಸ್ಸಾದವರಲ್ಲಿ ಹೆಚ್ಚಿರಬೇಕಲ್ಲವೇ? ವಯಸ್ಸಿಗೂ ಪ್ರಮಾಣಕ್ಕೂ ಸಂಬಂಧವಿಲ್ಲ ಎಂದು ಅಧ್ಯಯನವೇ ಹೇಳುತ್ತಿದೆ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ಮಿದುಳು ಪ್ಲಾಸ್ಟಿಕ್ಕನ್ನು ಹೊರಹಾಕುವ ದಾರಿಯೊಂದು ಇರಬೇಕು. ಇಲ್ಲವೇ ಅಳತೆಯಲ್ಲಿ ದೋಷವಿರಬೇಕು.

ಹಾಗೆಂದು ಇದೆಲ್ಲ ಕಟ್ಟುಕತೆ ಎಂದು ತಳ್ಳಿಹಾಕುವವರ ಪಕ್ಷಕ್ಕೂ ನಾನು ಸೇರಲಾರೆ. ಕ್ಯಾಂಪೆನ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 100ರಿಂದ 200 ನ್ಯಾನೋಮೀಟರ್ ಉದ್ದದ, ಗಾಜಿನ ಚೂರಿನಂತೆ ಮೊನಚಾದ ತುಣುಕುಗಳನ್ನು ಕಂಡಿದೆ. ನಮ್ಮ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲಿನಷ್ಟೂ ಇಲ್ಲದ ತುಣುಕುಗಳಿವು. ಎಲ್ಲ ಮಾದರಿಗಳಿಗೂ ಒಂದೇ ವಿಧಾನ ಬಳಸಿದ್ದರಿಂದ, ಒಟ್ಟು ಪ್ರಮಾಣ ತಪ್ಪಾಗಿದ್ದರೂ 2016ಕ್ಕೂ 2024ಕ್ಕೂ ನಡುವಿನ ಏರಿಕೆಯ ದಿಕ್ಕು ನಿಜವಿರಬಹುದು ಎಂಬ ವಾದಕ್ಕೂ ತೂಕವಿದೆ.

ಇದಕ್ಕಿಂತಲೂ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಬ್ರೆಜಿಲ್‌ನ ಸಾವೊ ಪಾಲೊದಿಂದ 2024ರಲ್ಲಿ ಬಂದ ಒಂದು ಚಿಕ್ಕ ವರದಿ. ಅಲ್ಲಿ 15 ಮೃತದೇಹಗಳಲ್ಲಿ ವಾಸನೆಯನ್ನು ಗ್ರಹಿಸುವ ಮಿದುಳಿನ ಭಾಗವನ್ನಷ್ಟೇ ಪರೀಕ್ಷಿಸಿದರು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂತೆ ತೂತುತೂತಾದ ತೆಳು ಮೂಳೆಯೊಂದಿದೆ; ಅದರ ಮೂಲಕ ಹಾದುಬರುವ ನರಗಳು ಈ ಭಾಗವನ್ನು ಸೇರುತ್ತವೆ. ಹೊರಗಿನ ಗಾಳಿಗೂ ಮಿದುಳಿಗೂ ಇಷ್ಟು ಹತ್ತಿರದ ದಾರಿ ಬೇರೆ ಇಲ್ಲ. ಆ 15ರಲ್ಲಿ 8 ಮಂದಿಯಲ್ಲಿ, ಎಲ್ಲ ಸೇರಿ 16 ಕಣ ಮತ್ತು ಎಳೆಗಳು ಸಿಕ್ಕವು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದೊಂದು ಕಣವನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸಿದ ಲೆಕ್ಕ ಇದು. ಒಂದು ಕಡೆ ಏಳು ಗ್ರಾಂ, ಇನ್ನೊಂದು ಕಡೆ ಹದಿನಾರು ಕಣ. ಎರಡೂ ಪ್ರಯೋಗಗಳು ಬೇರೆಬೇರೆ ಗಾತ್ರದ ಕಣಗಳನ್ನು ಹುಡುಕಿದ್ದರಿಂದ ಒಂದನ್ನೊಂದು ಸುಳ್ಳು ಮಾಡುವುದಿಲ್ಲ, ಆದರೆ ನಮ್ಮ ತಿಳಿವಳಿಕೆ ಎಷ್ಟು ಹಸಿಯಾಗಿದೆ ಎಂಬುದನ್ನು ತೋರಿಸುತ್ತವೆ.

ಒಳಗೆ ಹೋದ ಮೇಲೆ ಏನಾಗುತ್ತದೆ? ಇದುವರೆಗೆ ಇದಕ್ಕೆ ಉತ್ತರ ಸಿಕ್ಕಿರುವುದು ಹೆಚ್ಚಾಗಿ ಇಲಿಗಳಿಂದ. ವಿಯೆನ್ನಾದ ಸಂಶೋಧಕರು 2023ರಲ್ಲಿ ಇಲಿಗಳಿಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕಣಗಳನ್ನು ಬಾಯಿಯ ಮೂಲಕ ಕೊಟ್ಟಾಗ, ಅತಿ ಸಣ್ಣ ಕಣಗಳು ಎರಡೇ ಗಂಟೆಯಲ್ಲಿ ರಕ್ತಕ್ಕೂ ಮಿದುಳಿಗೂ ನಡುವಣ ತಡೆಗೋಡೆಯನ್ನು ದಾಟಿದ್ದವು. ಕಣದ ಮೈಗೆ ಕೊಲೆಸ್ಟರಾಲಿನಂಥ ವಸ್ತು ಅಂಟಿಕೊಂಡಿದ್ದರೆ ದಾಟುವುದು ಸುಲಭವೆಂದೂ ಅವರು ಕಂಡುಕೊಂಡರು. ಅದೇ ವರ್ಷ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮೂರು ವಾರ ಪ್ಲಾಸ್ಟಿಕ್ ಬೆರೆತ ನೀರು ಕುಡಿದ ಇಲಿಗಳ ನಡವಳಿಕೆ ಬದಲಾಯಿತು. ಡ್ಯೂಕ್ ವಿಶ್ವವಿದ್ಯಾಲಯದವರು ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಪಾಲಿಸ್ಟೈರೀನ್ ನ್ಯಾನೋಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಬೇಗ ಗಂಟಾಗುವುದನ್ನು ತೋರಿಸಿದರು. 2025ರ ಆರಂಭದಲ್ಲಿ ಚೀನಾದ ತಂಡವೊಂದು, ಪ್ಲಾಸ್ಟಿಕ್ ನುಂಗಿದ ರಕ್ಷಣಾ ಜೀವಕೋಶಗಳು ಇಲಿಯ ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಹರಿವನ್ನು ತಡೆಯುವುದನ್ನು ಕಣ್ಣಾರೆ ಕಂಡಿತು. ಇವೆಲ್ಲ ಗಂಭೀರ ಸುಳಿವುಗಳು. ಆದರೆ ಪ್ರಯೋಗಾಲಯದ ಪಾಲಿಸ್ಟೈರೀನ್ ಅಂಗಡಿಯಿಂದ ಕೊಂಡು ತಂದ, ಒಂದೇ ಅಳತೆಯ ದುಂಡು ಮಣಿ. ನಮ್ಮ ಗಾಳಿ ನೀರಿನಲ್ಲಿರುವುದು ಬಿಸಿಲಿಗೆ ಸವೆದು, ಬಣ್ಣ ಮತ್ತು ರಾಸಾಯನಿಕಗಳನ್ನು ಹೊತ್ತ, ಅಡ್ಡಾದಿಡ್ಡಿ ಚೂರು. ಇಲಿಗೆ ಕೊಟ್ಟ ಪ್ರಮಾಣವೂ ನಮ್ಮದಲ್ಲ.

ಮನುಷ್ಯರ ಮಟ್ಟಿಗೆ ಕೈಗೆ ಸಿಗುವ ಅತಿ ಬಲವಾದ ಸಾಕ್ಷ್ಯ ಮಿದುಳಿನದ್ದಲ್ಲ, ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಅಪಧಮನಿಯದು. ಇಟಲಿಯಲ್ಲಿ ಆ ನಾಳದಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ 257 ರೋಗಿಗಳನ್ನು ಸುಮಾರು 34 ತಿಂಗಳು ಗಮನಿಸಿ 2024ರಲ್ಲಿ ವರದಿ ಮಾಡಿದರು. ಅವರಲ್ಲಿ ಶೇ 58ರಷ್ಟು ಮಂದಿಯ ಗಡ್ಡೆಯಲ್ಲಿ ಪಾಲಿಎಥಿಲೀನ್ ಇತ್ತು. ಪ್ಲಾಸ್ಟಿಕ್ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಸಂಭವಿಸುವ ಸಾಧ್ಯತೆ ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು. ಇಲ್ಲಿಯೂ ಗಡ್ಡೆ ಎಂದರೆ ಕೊಬ್ಬೇ, ಅಳತೆಯ ಅದೇ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಪ್ಲಾಸ್ಟಿಕ್ ಹೆಚ್ಚು ಸೇರಿದವರ ಬದುಕಿನ ಬೇರೆ ಯಾವುದೋ ಅಂಶ ಕಾರಣವಾಗಿರಬಹುದೆಂಬ ಸಂದೇಹವೂ ಉಳಿಯುತ್ತದೆ.

ಈಗ ನಮ್ಮ ಬೀದಿಯ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಡಿಮೆನ್ಷಿಯಾ ಇದ್ದ ಆ 12 ಮಿದುಳುಗಳ ಬಗ್ಗೆ ಅಧ್ಯಯನ ಮಾಡಿದವರೇ ಬರೆದಿರುವ ಮಾತನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಈ ಕಾಯಿಲೆಯಲ್ಲಿ ಮಿದುಳು ಸೊರಗುತ್ತದೆ, ತಡೆಗೋಡೆ ಶಿಥಿಲವಾಗುತ್ತದೆ, ಕಸವನ್ನು ಹೊರಹಾಕುವ ವ್ಯವಸ್ಥೆ ಕುಂದುತ್ತದೆ; ಆದ್ದರಿಂದ ಪ್ಲಾಸ್ಟಿಕ್ ಹೆಚ್ಚು ಸೇರಿದ್ದು ಕಾಯಿಲೆಯ ಪರಿಣಾಮವಾಗಿರಬಹುದು, ಕಾರಣವೆಂದು ಹೇಳಲಾಗದು ಎಂಬುದು ಅವರದೇ ವಿವರಣೆ. ಬೇಲಿ ಮುರಿದ ಹೊಲದಲ್ಲಿ ದನ ಕಂಡರೆ ಬೇಲಿ ಮುರಿದದ್ದು ದನವೇ ಎನ್ನಲಾಗುವುದಿಲ್ಲ. ಡಿಮೆನ್ಷಿಯಾ ಕುರಿತು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2024ರಲ್ಲಿ ಕೊಟ್ಟ ಪಟ್ಟಿಯಲ್ಲಿ, ನಾವು ಬದಲಾಯಿಸಬಹುದಾದ 14 ಅಪಾಯದ ಅಂಶಗಳಿವೆ. ಅಧಿಕ ರಕ್ತದೊತ್ತಡ, ಮಧುಮೇಹ, ಕಿವುಡು, ದೃಷ್ಟಿದೋಷ, ತಲೆಗೆ ಬಿದ್ದ ಪೆಟ್ಟು, ಒಂಟಿತನ, ಕಡಿಮೆ ಶಿಕ್ಷಣ, ವಾಯುಮಾಲಿನ್ಯ ಇವೆಲ್ಲ ಅದರಲ್ಲಿವೆ, ಪ್ಲಾಸ್ಟಿಕ್ ಇಲ್ಲ. ಮುಂದೊಂದು ದಿನ ಸೇರಬಹುದು. ಸೇರುವವರೆಗೆ, ಹೆಂಡತಿಯ ಕಾಯಿಲೆಗೆ ತಾನು ತಂದ ಡಬ್ಬಿಗಳೇ ಕಾರಣವೆಂದು ಎಂಬತ್ತರ ಹತ್ತಿರದ ಗಂಡ ನೊಂದುಕೊಳ್ಳುವಂತೆ ಮಾಡುವ ಹಕ್ಕು ಯಾವ ಶೀರ್ಷಿಕೆಗೂ ಇಲ್ಲ.

ಇಂಥ ಸುದ್ದಿಗಳಿಗೆ ಒಂದು ಹಳೆಯ ಚಾಳಿಯೂ ಇದೆ. ನಾವು ವಾರಕ್ಕೊಂದು ಕ್ರೆಡಿಟ್ ಕಾರ್ಡ್‌ನಷ್ಟು, ಅಂದರೆ 5 ಗ್ರಾಂ ಪ್ಲಾಸ್ಟಿಕ್ ತಿನ್ನುತ್ತೇವೆ ಎಂದು 2019ರಿಂದ ಓದುತ್ತಲೇ ಬಂದಿದ್ದೇವೆ. 2021ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಕಣಗಳ ಗಾತ್ರವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ವಯಸ್ಕರಿಗೆ ವಾರಕ್ಕೆ ಸುಮಾರು 4 ಮೈಕ್ರೊಗ್ರಾಂ ಬಂತು. ಎರಡಕ್ಕೂ ಹತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಅಂತರ. ಆದರೆ ಕ್ರೆಡಿಟ್ ಕಾರ್ಡ್ ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ಅಳತೆಯ ಜಗಳ ಮುಗಿಯುವ ತನಕ ಕೈಕಟ್ಟಿ ಕೂರಬೇಕು ಎಂದು ನಾನು ಹೇಳುತ್ತಿಲ್ಲ. ಬಿಸಿ, ಎಣ್ಣೆ ಮತ್ತು ಪ್ಲಾಸ್ಟಿಕ್ ಒಂದೆಡೆ ಸೇರಿದರೆ ಕಣಗಳೂ ರಾಸಾಯನಿಕಗಳೂ ಬಿಡುಗಡೆಯಾಗುತ್ತವೆ ಎಂಬ ವಿಷಯದಲ್ಲಿ ಜಗಳವೇ ಇಲ್ಲ. ಖರಗ್‌ಪುರದ ಐಐಟಿಯವರು 2020ರಲ್ಲಿ ಮಾಡಿ ತೋರಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಪೇಪರ್ ಲೋಟ ಎಂದು ನಾವು ಕರೆಯುವುದರ ಒಳಮೈಗೆ ನೀರು ಹೀರದಂತೆ ತೆಳುವಾದ ಪ್ಲಾಸ್ಟಿಕ್ ಪದರ ಹಚ್ಚಿರುತ್ತಾರೆ. ಅದಕ್ಕೆ 100 ಮಿಲಿಲೀಟರ್ ಬಿಸಿ ನೀರು ಹಾಕಿ ಕಾಲು ಗಂಟೆ ಬಿಟ್ಟರೆ ಸುಮಾರು 25,000 ಸೂಕ್ಷ್ಮ ಕಣಗಳು ನೀರಿಗಿಳಿಯುತ್ತವೆ. ಪ್ಲಾಸ್ಟಿಕ್ ಲೋಟ ನಿಷೇಧವಾಯಿತೆಂದು ಸಮಾಧಾನಪಟ್ಟು, ಮದುವೆ ಮನೆಯಲ್ಲೂ ಬಸ್ ನಿಲ್ದಾಣದಲ್ಲೂ ಪೇಪರ್ ಲೋಟದಲ್ಲಿ ಕಾಫಿ ಕುಡಿಯುವ ನಾವು ಈ ಪ್ರಯೋಗವನ್ನು ಪಠ್ಯಪುಸ್ತಕಕ್ಕೆ ಸೇರಿಸಬಹುದಿತ್ತು.

ನಮ್ಮ ರಾಜ್ಯದ ಇಡ್ಲಿ ಪ್ರಕರಣ ಇನ್ನೂ ಹತ್ತಿರದ್ದು. 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆ ಪರಿಶೀಲಿಸಿದ ಸುಮಾರು 250 ಕಡೆಗಳ ಪೈಕಿ 52 ಕಡೆ ಇಡ್ಲಿ ಬೇಯಿಸುವ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು ಕಂಡುಬಂದು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ಅಂದು ಎಲ್ಲರೂ ಮಾತಾಡಿದ್ದು ಕ್ಯಾನ್ಸರಿನ ಬಗ್ಗೆ, ಸರಿಯೇ. ಆದರೆ ಹಾಳೆಯನ್ನು ತೆಗೆದ ಹೋಟೆಲಿನವರೇ ಕುದಿಯುವ ಸಾಂಬಾರನ್ನು ಬೆರಳಿನಿಂದ ಮುಟ್ಟಿದರೆ ಹರಿಯುವಂಥ ತೆಳು ಕವರಿಗೆ ಸುರಿದು, ರಬ್ಬರ್ ಬ್ಯಾಂಡ್ ಸುತ್ತಿ ಪಾರ್ಸಲ್ ಕೊಡುತ್ತಾರೆ. ಬೆಂದ ಇಡ್ಲಿಯಡಿ ಹಾಳೆ ಇದ್ದರೆ ತಪ್ಪು, ಸಾಂಬಾರಿಗೆ ಅದೇ ಹಾಳೆ ಚೀಲವಾಗಿ ಬಂದರೆ ತಪ್ಪಿಲ್ಲ ಎಂಬ ರೂಢಿಯ ತರ್ಕ ನನಗೆ ಅರ್ಥವಾಗಿಲ್ಲ. ನಾನೀಗ ಹೋಟೆಲಿಗೆ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಕ್ಯಾಷಿಯರ್ ಮೊದಮೊದಲು ನಗುತ್ತಿದ್ದ, ಈಗ ಅಭ್ಯಾಸವಾಗಿದೆ.

ಉಸಿರಿನ ದಾರಿಯ ಬಗ್ಗೆ ನಾವು ಇನ್ನೂ ಅಸಡ್ಡೆಯಾಗಿದ್ದೇವೆ. ಬ್ರಿಟನ್‌ನ ಲೀಡ್ಸ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಿಂದ ಪರಿಸರಕ್ಕೆ ಸೇರುವ ಪ್ಲಾಸ್ಟಿಕ್ ವರ್ಷಕ್ಕೆ 93 ಲಕ್ಷ ಟನ್, ಜಗತ್ತಿನ ಐದರಲ್ಲೊಂದು ಪಾಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಲ್ಲೇ ಸುಟ್ಟುಹೋಗುತ್ತದೆ. ಬೆಳಗಿನ ವಾಯುವಿಹಾರದಲ್ಲಿ ಒಣಗಿದ ಎಲೆಯ ಜೊತೆ ಕವರುಗಳನ್ನೂ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದು ನಮ್ಮೂರಲ್ಲಿ ದಿನಕ್ಕೆ ಎರಡು ಮೂರು ಕಡೆ ಕಾಣುತ್ತದೆ. ಸಾವೊ ಪಾಲೊದ ವರದಿಯನ್ನು ಓದಿದ ಮೇಲೆ ಆ ಹೊಗೆಯ ಪಕ್ಕದಲ್ಲಿ ಪ್ರಾಣಾಯಾಮ ಮಾಡುವವರನ್ನು ಕಂಡರೆ ಹೇಗೆ ಹೇಳುವುದೆಂದು ತೋಚುವುದಿಲ್ಲ. ಹೊಗೆಯಿಂದ ಮಿದುಳಿಗಾಗುವ ಹಾನಿ ಪ್ಲಾಸ್ಟಿಕ್ ಕಣದಿಂದಲೋ ಇಲ್ಲವೋ, ಸೂಕ್ಷ್ಮ ಮಸಿ ಕಣಗಳಿಂದ ಆಗುವುದಂತೂ ಲ್ಯಾನ್ಸೆಟ್ ಪಟ್ಟಿಯಲ್ಲಿದೆ.

ನೀರಿನ ಬಗ್ಗೆ ಒಂದು ಸಮಾಧಾನದ ಸಂಗತಿ ಇದೆ. ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣಗಳಿವೆಯೆಂದು, ಅವುಗಳಲ್ಲಿ ಶೇ 90ರಷ್ಟು ನ್ಯಾನೋ ಗಾತ್ರದವೆಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2024ರ ಜನವರಿಯಲ್ಲಿ ವರದಿ ಮಾಡಿದರು. ಅದರ ಮರುತಿಂಗಳೇ ಚೀನಾದ ಗ್ವಾಂಗ್‌ಝೌನಿಂದ ಇನ್ನೊಂದು ವರದಿ ಬಂತು: ಗಡಸು ನೀರನ್ನು ಐದು ನಿಮಿಷ ಕುದಿಸಿದರೆ, ಅದರಲ್ಲಿನ ಸುಣ್ಣದಂಶ ಬೇರ್ಪಟ್ಟು ಗಟ್ಟಿಯಾಗುವಾಗ ಪ್ಲಾಸ್ಟಿಕ್ ಕಣಗಳನ್ನೂ ತನ್ನೊಳಗೆ ಸೆರೆಹಿಡಿಯುತ್ತದೆ, ತುಂಬ ಗಡಸಾದ ನೀರಿನಲ್ಲಿ ಶೇ 90ರವರೆಗೂ ಹೀಗೆ ತೆಗೆಯಬಹುದು, ಮೆದು ನೀರಿನಲ್ಲಿ ಮಾತ್ರ ಶೇ 25ರಷ್ಟು. ತುಮಕೂರು, ಕೋಲಾರ, ಬೆಂಗಳೂರಿನ ಬೋರ್‌ವೆಲ್ ನೀರು ಕುಡಿಯುವ ನಮ್ಮ ಮನೆಗಳ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರಕ್ಕೆ ಇಂಥದೊಂದು ಉಪಯೋಗವಿದೆಯೆಂದು ನಾನು ಪಾಠ ಮಾಡುವಾಗ ಗೊತ್ತಿರಲಿಲ್ಲ. ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದ ನಮ್ಮ ಅಜ್ಜಿಯಂದಿರು ಪ್ಲಾಸ್ಟಿಕ್ಕಿಗಾಗಿ ಹಾಗೆ ಮಾಡುತ್ತಿರಲಿಲ್ಲ, ನಿಜ.

ಈ ಪತ್ರದ ಮುಖ್ಯ ಕೋರಿಕೆ ಸರ್ಕಾರಕ್ಕೆ ಮತ್ತು ನಮ್ಮ ವಿಜ್ಞಾನಿಗಳಿಗೆ. ಮಿದುಳಿನ ಪ್ಲಾಸ್ಟಿಕ್ ಕುರಿತು ಇಡೀ ಜಗತ್ತು ಜಗಳವಾಡುತ್ತಿರುವಾಗ, ಆ ಜಗಳವನ್ನು ತೀರ್ಮಾನಿಸಬಲ್ಲ ಸಾಮಗ್ರಿ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮೃತರ ಬಂಧುಗಳ ಒಪ್ಪಿಗೆ ಪಡೆದು ಸಂಗ್ರಹಿಸಿದ ಮಿದುಳುಗಳು, ಕಾಯಿಲೆಯಿದ್ದವರದ್ದೂ ಆರೋಗ್ಯವಂತರದ್ದೂ, ಅಲ್ಲಿವೆ. ಪ್ಲಾಸ್ಟಿಕ್ ಬಳಕೆ ಇಷ್ಟು ಹಬ್ಬದಿದ್ದ ಕಾಲದ ಮಿದುಳನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಜಗತ್ತಿನಲ್ಲಿ ಎಷ್ಟು ಕಡೆ ಸಿಕ್ಕೀತು? ಇನ್ನೊಂದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟು, ಅವರ ನೆನಪಿನ ಶಕ್ತಿ, ರಕ್ತ, ಮಿದುಳಿನ ಚಿತ್ರಗಳನ್ನು ಪರೀಕ್ಷಿಸುತ್ತಿದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇಂದು ಆರೋಗ್ಯವಾಗಿರುವ ಶ್ರೀನಿವಾಸಪುರದ ರೈತನ ರಕ್ತದಲ್ಲಿ ಎಷ್ಟು ಪ್ಲಾಸ್ಟಿಕ್ ಇತ್ತು, ಹತ್ತು ವರ್ಷದ ನಂತರ ಆತನ ನೆನಪು ಹೇಗಿದೆ ಎಂದು ನೋಡಿದರೆ ಮಾತ್ರ ದನ ಮೊದಲೋ ಬೇಲಿ ಮುರಿದದ್ದು ಮೊದಲೋ ಎಂಬುದು ತಿಳಿಯುತ್ತದೆ.

ಇದು ಹೇಳಿದಷ್ಟು ಸುಲಭವಲ್ಲ ಎಂಬುದೂ ನನಗೆ ಗೊತ್ತು. ರಕ್ತ ತೆಗೆಯುವ ಸಿರಿಂಜ್ ಪ್ಲಾಸ್ಟಿಕ್, ತುಂಬುವ ಕೊಳವೆ ಪ್ಲಾಸ್ಟಿಕ್, ಹಳೆಯ ಅಂಗಾಂಶ ಇಟ್ಟಿರುವ ಡಬ್ಬಿಯೂ ಹಲವು ಬಾರಿ ಅದೇ. ಆದ್ದರಿಂದ ಮೊದಲು ಗಾಜು ಮತ್ತು ಲೋಹದ ಸಲಕರಣೆ, ಸೋಸಿದ ಗಾಳಿಯ ಕೋಣೆ, ಅಂಗಾಂಶವೇ ಇಲ್ಲದ ಖಾಲಿ ಮಾದರಿಗಳ ಪರೀಕ್ಷೆ, ಕೊಬ್ಬನ್ನು ಪೂರ್ತಿ ತೆಗೆದ ಮೇಲಿನ ಅಳತೆ, ಒಂದೇ ಮಾದರಿಯನ್ನು ಎರಡು ಬೇರೆ ವಿಧಾನಗಳಿಂದ ಎರಡು ಬೇರೆ ಪ್ರಯೋಗಾಲಯಗಳಲ್ಲಿ ನೋಡುವ ಏರ್ಪಾಡು ಇಷ್ಟೂ ಆಗಬೇಕು. ಇದಕ್ಕೆ ಹಣ ಬೇಕು, ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರಲ್ಲಿ ಲಖನೌ, ಕೊಚ್ಚಿ ಮತ್ತು ಪಿಲಾನಿಯ ಸಂಸ್ಥೆಗಳ ಜೊತೆ ಆಹಾರದಲ್ಲಿನ ಸೂಕ್ಷ್ಮ ಪ್ಲಾಸ್ಟಿಕ್ ಅಳೆಯುವ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಅದು ಒಳ್ಳೆಯ ಆರಂಭ. ತಟ್ಟೆಯಲ್ಲಿ ಎಷ್ಟಿದೆ ಎಂದು ಅಲ್ಲಿ ಅಳೆದರೆ, ತಲೆಯಲ್ಲಿ ಎಷ್ಟಿದೆ ಎಂದು ಇಲ್ಲಿ ಅಳೆಯಲು ರಾಜ್ಯ ಸರ್ಕಾರ ಮುಂದಿನ ಆಯವ್ಯಯದಲ್ಲಿ ಒಂದಿಷ್ಟು ಮೊತ್ತ ಇಡಲಿ ಎಂಬುದು ನನ್ನ ಕೋರಿಕೆ.

ತಮ್ಮಲ್ಲಿಯೂ ಒಂದು ಮನವಿ. ಇಂಥ ಸಂಶೋಧನೆಯನ್ನು ಪ್ರಕಟಿಸುವಾಗ ಎಷ್ಟು ಮಂದಿಯನ್ನು ಪರೀಕ್ಷಿಸಿದರು, ಹೇಗೆ ಅಳೆದರು, ಬೇರೆ ವಿಜ್ಞಾನಿಗಳು ಏನೆನ್ನುತ್ತಾರೆ ಎಂಬ ಮೂರು ಸಾಲುಗಳಿಗೆ ದಯವಿಟ್ಟು ಜಾಗ ಮಾಡಿಕೊಡಿ. ನಿಮ್ಹಾನ್ಸ್‌ನವರನ್ನೂ ಮಿದುಳು ಸಂಶೋಧನಾ ಕೇಂದ್ರದವರನ್ನೂ ತಮ್ಮ ವರದಿಗಾರರು ಈ ಕುರಿತು ಮಾತಾಡಿಸಿ ಬರೆದರೆ ಇನ್ನೂ ಉಪಕಾರವಾಗುತ್ತದೆ.

ನಮ್ಮ ಹಿರಿಯರು ಆ ತುಣುಕು ಓದಿದ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಯವನಿಗೆ ಕೊಡಲೆಂದು ಮೆಟ್ಟಿಲ ಕೆಳಗೆ ಇಟ್ಟಿದ್ದರಂತೆ. ಅಂದಿನಿಂದ ಅವರ ಪತ್ನಿ ದಿನವೂ ಕಪಾಟು ತೆರೆದು ತಮ್ಮ ನೀಲಿ ಡಬ್ಬಿಯನ್ನು ಹುಡುಕುತ್ತಿದ್ದಾರೆ. ಮಕ್ಕಳ ಹೆಸರು ಮರೆತರೂ ಹುರಿಗಡಲೆ ಯಾವ ಡಬ್ಬಿಯಲ್ಲಿರುತ್ತದೆ ಎಂಬುದು ಅವರಿಗೆ ನೆನಪಿದೆ. ಆ ಡಬ್ಬಿಯನ್ನು ಮೊದಲಿನ ಜಾಗದಲ್ಲೇ ಇಡಿ, ಹುರಿಗಡಲೆಯನ್ನೇ ತುಂಬಿಸಿ, ಬಿಸಿಯಾದದ್ದನ್ನು ಮಾತ್ರ ಹಾಕಬೇಡಿ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ತುಮಕೂರು